ಕರಿ ಪುಡಿಯಲ್ಲಿ ಸುಣ್ಣ

ಗುಲ್ವಾಡಿಯ ಹೊಳೆ ದಡದಲ್ಲಿ ಹಿಂದೆ ಹಂಚು ಸುಡುತ್ತಿದ್ದ ಶೆಡ್ಡಿನಲ್ಲಿ ಈಗ ಹಳೆಯ ಬ್ಯಾಟರಿಗಳ ಕೆಲಸ ನಡೆಯುತ್ತದೆ. ವನಜ ಅಲ್ಲಿ ಸೇರಿ ಎರಡು ವರ್ಷವಾಯಿತು. ವಯಸ್ಸು ಐವತ್ತೆರಡು. ಅವರ ತವರಿನವರು ಹೊಳೆಯ ಚಿಪ್ಪು ಸುಟ್ಟು ಸುಣ್ಣ ಮಾಡಿ ಮಾರುತ್ತಿದ್ದವರು. ಸುಣ್ಣ ಸುಡುವ ಗೂಡು ಆರಿ ಎಷ್ಟೋ ಕಾಲವಾದರೂ ಊರಿನವರ ಬಾಯಲ್ಲಿ ಅವರು ಇಂದಿಗೂ ಸುಣ್ಣದ ವನಜ. ಕಳೆದ ಏಪ್ರಿಲ್‌ನಲ್ಲಿ ಅವರ ಕೆಲಸಕ್ಕೆ ಕುತ್ತು ಬಂದದ್ದು ಈ ಹೆಸರಿನಿಂದಲೇ.

ಸ್ಕೂಟರು, ಆಟೋಗಳ ಲಿಥಿಯಂ ಬ್ಯಾಟರಿಯೊಳಗೆ ತೆಳು ಅಲ್ಯೂಮಿನಿಯಂ ಹಾಳೆಗೆ ಕರಿ ಪುಡಿಯೊಂದನ್ನು ಲೇಪಿಸಿರುತ್ತಾರೆ. ಬ್ಯಾಟರಿ ಹಳತಾದಂತೆ ಆ ಪುಡಿಯಿಂದ ಲಿಥಿಯಂ ಸ್ವಲ್ಪಸ್ವಲ್ಪವೇ ಕಳೆದುಹೋಗುತ್ತದೆ, ಪುಡಿಯ ಒಳರಚನೆ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಹಲವು ಕಡೆ ಅದನ್ನು ಆಸಿಡ್‌ನಲ್ಲಿ ಕರಗಿಸಿ ಲೋಹಗಳನ್ನು ಬೇರೆ ಮಾಡುತ್ತಾರೆ. ಗುಲ್ವಾಡಿಯಲ್ಲಿ ಕರಗಿಸುವುದಿಲ್ಲ. ಪುಡಿಯನ್ನು ಹಾಳೆಯಿಂದ ಬಿಡಿಸಿ, ತೊಳೆದು, ಒಣಗಿಸಿ, ಕಳೆದುಹೋದಷ್ಟು ಲಿಥಿಯಂ ತುಂಬಲು ಬಿಳಿ ಪುಡಿಯೊಂದನ್ನು ಬೆರೆಸಿ ಕುಲುಮೆಗೆ ಹಾಕುತ್ತಾರೆ. ಹೊರಗೆ ಬರುವುದೂ ಕರಿ ಪುಡಿಯೇ, ಆದರೆ ಮತ್ತೆ ಬ್ಯಾಟರಿಗೆ ಹಾಕುವಂಥದ್ದು.

ಬೆರೆಸುವ ಕೆಲಸ ವನಜ ಅವರದು. ಸೇರಿದ ಮೊದಲ ದಿನ ಬಿಳಿ ಪುಡಿ ನೋಡಿ, "ಇದ್ ನಮ್ಮನಿ ಸುಣ್ಣವೇ ಅಲ್ದಾ?" ಎಂದು ಕೇಳಿದ್ದರು. ಎಲ್ಲರೂ ನಕ್ಕಿದ್ದರು. ಆ ಮಾತನ್ನು ಯಾರೂ ಮರೆತಿರಲಿಲ್ಲ.

ಏಪ್ರಿಲ್‌ನಲ್ಲಿ ಸಾಲಾಗಿ ಮೂರು ಸಲ ಮಾಡಿದ ಪುಡಿ ಕೆಟ್ಟಿತು. ಅದನ್ನು ಹಾಕಿ ಮಾಡಿದ ಪರೀಕ್ಷೆಯ ಬ್ಯಾಟರಿ ಚಾರ್ಜ್ ಹಿಡಿದಿಡಲಿಲ್ಲ. ಘಟಕ ನಡೆಸುವ ಉಲ್ಲಾಸ್ ಮಾದರಿಯನ್ನು ಹೊರಗಿನ ಪ್ರಯೋಗಾಲಯಕ್ಕೆ ಕಳಿಸಿದರು. ಲಿಖಿತ ವರದಿಗೆ ಹತ್ತು ದಿನ ಬೇಕು, ಸದ್ಯಕ್ಕೆ ಕ್ಯಾಲ್ಸಿಯಂ ಕಂಡಿದೆ ಎಂದು ಅಲ್ಲಿಂದ ಫೋನ್ ಬಂತು. ಆ ಮಧ್ಯಾಹ್ನ ಊಟದ ಬೆಂಚಿನಲ್ಲಿ ಅದೇ ಮಾತು.

"ಕ್ಯಾಲ್ಸಿಯಂ ಅಂದ್ರೆ ಎಂತ? ಸುಣ್ಣ," ಅಂದ ಪ್ರಖ್ಯಾತ್. ಪುಡಿ ತೊಳೆಯುವ ವಿಭಾಗ ಅವನ ಕೈಯಲ್ಲಿತ್ತು. "ಸುಣ್ಣದ್ ಡಬ್ಬಿ ಯಾರ್ ಸೊಂಟದಲ್ಲಿತ್ತ್ ಅಂದೇಳಿ ನಾನ್ ಹೇಳ್ಕಾ?"

ವನಜ ಎಲೆಯಡಿಕೆ ತಿನ್ನುವವರು. "ಹ್ವಾಯ್, ಡಬ್ಬಿ ಗೇಟಿನ ಹತ್ರ ಇಟ್ಟೇ ಒಳ್ಗ್ ಬಪ್ಪುದ್ ನಾನ್."

"ಕೈ ತೊಳ್ದ್ ಬತ್ರ್ಯಾ ವನಜಕ್ಕ?"

"ನಿನ್ ಕೈಗಿಂತ ಚಂದ ಮಾಡಿ ತೊಳ್ದ್ ಬತ್ತೆ."

ನಾಲ್ಕಾರು ಮಂದಿ ನಕ್ಕರು. ಉಲ್ಲಾಸ್ ನಗಲಿಲ್ಲ. "ವರದಿ ಬಪ್ಪುವರಿಗೆ ನೀವ್ ಬೆರ್ಸು ಕೋಣಿಗೆ ಹೋಪುದ್ ಬ್ಯಾಡ. ಗುಡ್ಸುದ್ ಮಾಡಿ. ಸುಣ್ಣವೇ ಅಂದೇಳಿ ಆದ್ರೆ ಮತ್ತೆ ನನ್ ಕೈಯಗೆ ಎಂತದೂ ಇಲ್ಲ."

ಮರುದಿನ ಬೆಂಚಿನಲ್ಲಿ ದಿನವೂ ಒತ್ತಿ ಕೂರುತ್ತಿದ್ದ ಕಮಲ ಆಚೆ ತುದಿಗೆ ಸರಿದು ಕುಳಿತಳು. ಗೇಟಿನಲ್ಲಿ ವನಜ ಅವರ ಚೀಲ ಬಿಚ್ಚಿ ನೋಡುವುದು ಶುರುವಾಯಿತು. ಬೇರೆ ಯಾರ ಚೀಲವನ್ನೂ ನೋಡುತ್ತಿರಲಿಲ್ಲ.

ಗುಡಿಸುತ್ತ ಅವರು ಲೆಕ್ಕ ಹಾಕಿದರು. ಉಗುರಿಗೆ ಅಂಟಿದ ಸುಣ್ಣದಿಂದ ಮೂರು ಸಲದ ಪುಡಿ ಕೆಡಲಾರದು. ಅಷ್ಟು ಕೆಡಬೇಕಾದರೆ ಸೇರುಗಟ್ಟಲೆ ಬೇಕು. ಅಂದರೆ ಬೇಕೆಂದೇ ಹಾಕಿದ್ದೇನೆ ಎಂದು ಇವರು ತಿಳಿದಿದ್ದಾರೆ. ಇಲ್ಲವಾದರೆ ಬೇರೆ ಯಾರೋ ಹಾಕಿದ್ದಾರೆ. ಆಮೇಲೆ ವನಜ ಅವರಿಗೂ ಎಲ್ಲರ ಮೇಲೆ ಅನುಮಾನ. ಬಿಳಿ ಪುಡಿಯ ಡ್ರಮ್ಮಿನ ಬೀಗದ ಕೈ ಯಾರ ಬಳಿ ಇದೆ? ತನ್ನ ಜಾಗಕ್ಕೆ ಕಮಲಳನ್ನು ಇಷ್ಟು ಬೇಗ ಹಾಕಿದ್ದು ಏಕೆ? ಹಿಡಿಸೂಡಿ ಹಿಡಿದು ಒಬ್ಬೊಬ್ಬರ ಹಿಂದೆಯೂ ಸುತ್ತಿದರು. ಕಮಲಳ ಮೇಲೆ ಎರಡು ದಿನ ಕಣ್ಣಿಟ್ಟರು. ಏನೂ ಸಿಗಲಿಲ್ಲ.

ಸಿಕ್ಕಿದ್ದು ನೆಲ ಒರೆಸುವ ಬಟ್ಟೆ ಒಗೆಯುವಾಗ. ನಲ್ಲಿ ನೀರಿನಲ್ಲಿ ಸಾಬೂನು ಎಷ್ಟು ತಿಕ್ಕಿದರೂ ನೊರೆ ಬರಲಿಲ್ಲ. ಅದರಲ್ಲಿ ಆಶ್ಚರ್ಯವಿಲ್ಲ. ಬೇಸಿಗೆಯಲ್ಲಿ ಹೊಳೆ ಬತ್ತಿ, ಉಬ್ಬರದ ಉಪ್ಪುನೀರು ಮೇಲೇರಿ ದಡದ ಬಾವಿಗಳಿಗೆ ಇಳಿಯುವುದು ಅಲ್ಲಿನ ಹೆಂಗಸರಿಗೆಲ್ಲ ಗೊತ್ತು. ಬೇಳೆ ಬೇಯದಿದ್ದಾಗ ಮೊದಲು ತಿಳಿಯುವುದೂ ಅವರಿಗೇ. ಆದರೆ ಪುಡಿ ತೊಳೆಯುವುದು ನಲ್ಲಿ ನೀರಿನಲ್ಲಲ್ಲ. ಬಾವಿ ನೀರನ್ನು ಯಂತ್ರದಲ್ಲಿ ಶುದ್ಧ ಮಾಡಿ, ಟ್ಯಾಂಕಿಗೆ ತುಂಬಿಸಿ ಬಳಸಬೇಕು. ಆ ಯಂತ್ರ ಓಡುವಾಗ ಗುಂಯ್ಯೆನ್ನುತ್ತದೆ. ನಾಲ್ಕು ದಿನದಿಂದ ಅದರ ಪಕ್ಕದಲ್ಲೇ ಗುಡಿಸುತ್ತಿದ್ದ ವನಜ ಒಮ್ಮೆಯೂ ಆ ಸದ್ದು ಕೇಳಿರಲಿಲ್ಲ. ಟ್ಯಾಂಕು ಮಾತ್ರ ತುಂಬಿಯೇ ಇತ್ತು.

ಬಾಯಲ್ಲಿ ಹೇಳಿದರೆ ತಪ್ಪಿಸಿಕೊಳ್ಳಲು ಕಥೆ ಕಟ್ಟುತ್ತಾಳೆ ಅಂದಾರು ಎಂದು ಟ್ಯಾಂಕಿನಿಂದ ಒಂದು ಬಕೆಟ್ ನೀರು ಹಿಡಿದು, ಸಾಬೂನಿನ ಜೊತೆ ಉಲ್ಲಾಸ್ ಮೇಜಿನ ಎದುರಿಗೇ ಇಟ್ಟರು.

"ಎಂತ ವನಜಕ್ಕ ಇದ್?"

"ಸಾಬೂನ್ ತಿಕ್ಕಿ ಕಾಣಿ."

"ಕೆಲ್ಸ ಇತ್ತ್ ಮಾರಾಯ್ರೆ ನಂಗೆ."

"ನಂಗ್ ಇನ್ನ್ ಆರ್ ದಿನ ಮಾತ್ರ ಕೆಲ್ಸ ಇಪ್ಪುದ್. ತಿಕ್ಕಿ."

ಉಲ್ಲಾಸ್ ತಿಕ್ಕಿದರು. ಶುದ್ಧ ನೀರಾಗಿದ್ದರೆ ಬಕೆಟ್ ತುಂಬ ನೊರೆ ಬರಬೇಕಿತ್ತು. ಕೈಗೆ ಬಂದದ್ದು ಮೊಸರಿನಂತೆ ಒಡೆದ ಬಿಳಿ ಚೂರು. ಅವರು ಎದ್ದು ಹೋಗಿ ಯಂತ್ರದ ಮುಚ್ಚಳ ತೆಗೆದರು. ಫಿಲ್ಟರ್ ಇರಲೇ ಇಲ್ಲ.

ಪ್ರಖ್ಯಾತ್ ಒಪ್ಪಿಕೊಂಡ. ಫಿಲ್ಟರ್ ಮಾರ್ಚ್ ಕೊನೆಗೇ ಹಾಳಾಗಿತ್ತು. ಹೊಸದು ಬರುವವರೆಗೆ ಕೆಲಸ ನಿಲ್ಲಬಾರದೆಂದು ಬಾವಿಯ ಪೈಪನ್ನು ನೇರ ಟ್ಯಾಂಕಿಗೆ ಹಾಕಿದ್ದ. "ಕಣ್ಣಿಗ್ ಸ್ವಚ್ಛವೇ ಇತ್ತಲ್ಲಾ," ಅಂದ. ಕ್ಯಾಲ್ಸಿಯಂ ಎಂದು ಫೋನ್ ಬಂದಾಗ ಅವನಿಗೆ ನೀರಿನ ನೆನಪಾಗಲಿಲ್ಲವೇ ಎಂಬ ಪ್ರಶ್ನೆಗೆ ಅವನು ಇಂದಿಗೂ ಉತ್ತರ ಕೊಟ್ಟಿಲ್ಲ.

ಆದರೂ ಲಿಖಿತ ವರದಿ ಬರಲಿ ಎಂದರು ಉಲ್ಲಾಸ್, ಅಲ್ಲಿಯವರೆಗೆ ವನಜ ಗುಡಿಸುತ್ತಲೇ ಇದ್ದರು. ವರದಿ ಹತ್ತನೆಯ ದಿನ ಬಂತು. ಕ್ಯಾಲ್ಸಿಯಂ ಜೊತೆಗೆ ಅದಕ್ಕಿಂತ ಹೆಚ್ಚು ಸೋಡಿಯಂ, ಮೆಗ್ನೀಸಿಯಂ. ಎಲೆಗೆ ಹಚ್ಚುವ ಸುಣ್ಣದಿಂದ ಅಷ್ಟು ಬರುವುದಿಲ್ಲ, ಈ ಮೂರೂ ಒಟ್ಟಿಗೆ ಬರುವುದು ಸಮುದ್ರದ ನೀರಿನಿಂದ. ಉಲ್ಲಾಸ್ ವನಜ ಅವರನ್ನು ಕೋಣೆಗೆ ಕರೆದು, ನಾಳೆಯಿಂದ ಬೆರೆಸುವ ಕೆಲಸಕ್ಕೇ ಬನ್ನಿ ಅಂದರು.

"ಇಲ್ಲ್ ಹೇಳ್ರೆ ಆತಿಲ್ಲ," ಅಂದರು ವನಜ. "ನನ್ನ ಕಳ್ಳಿ ಮಾಡ್ದದ್ ಬೆಂಚಿನ ಎದ್ರ್. ಅಲ್ಲೇ ಹೇಳಿ."

ಮರುದಿನ ಊಟದ ಹೊತ್ತಿಗೆ ಉಲ್ಲಾಸ್ ಬೆಂಚಿನ ಎದುರು ನಿಂತು, ವಾಟರ್ ಕ್ವಾಲಿಟಿ, ಪ್ರೊಸೆಸ್ ಎರರ್ ಎಂದೇನೋ ಶುರುಮಾಡಿದರು.

"ಕನ್ನಡದಗ್ ಹೇಳಿ. ಜೋರಾಯಿ."

"ತಪ್ಪ್ ನೀರಿಂದ್. ವನಜಕ್ಕನ್ದಲ್ಲ," ಅಂದರು ಉಲ್ಲಾಸ್.

ಕಮಲ ಹತ್ತಿರ ಬಂದು, "ನಂಗ್ ಅವತ್ತೇ ಗೊತ್ತಿತ್ತ್ ಅಕ್ಕ," ಅಂದಳು.

"ಗೊತ್ತಿದ್ದದ್ ಬಾಯಿಗ್ ಬಪ್ಪುಕೆ ಹನ್ನೊಂದ್ ದಿನ ಬೇಕಾಯ್ತಾ ಹೆಣ್ಣೆ?"

ಪ್ರಖ್ಯಾತ್‌ನನ್ನು ಕೆಲಸದಿಂದ ತೆಗೆಯಲಿಲ್ಲ, ಅದೇ ವಿಭಾಗದಲ್ಲಿದ್ದಾನೆ. ಅವನು ಕಳಿಸಿದ ಪುಡಿಯನ್ನು ವನಜ ಬಂದ ಕೂಡಲೇ ಒಳಗೆ ತೆಗೆದುಕೊಳ್ಳುವುದಿಲ್ಲ. ಮೊದಲು ಹೋಗಿ ಟ್ಯಾಂಕು ನೋಡಿ ಬರುತ್ತಾರೆ.

"ಅವ ಸುಳ್ಳ್ ಹೇಳ್ಲಿಲ್ಲ, ಹೇಳ್ಲೇ ಇಲ್ಲ ಅಷ್ಟೇ," ಎನ್ನುತ್ತಾರೆ. "ಹೆದ್ರಿಕಿ ಅದಕ್ಕೇ."