ಸೋದರತ್ತೆಯ ಕೆಮ್ಮು

ಕೋವಿಡ್ ಕಾಲದ ಮಾಸ್ಕುಗಳು ಎಲ್ಲರ ಮನೆಯಲ್ಲೂ ಮೂಲೆ ಸೇರಿದ್ದ ವರ್ಷ ಅದು. ನಾನಾಗ ಅಮೆರಿಕದ ಸ್ಯಾನ್ ಹೊಸೆಯ ಆಸ್ಪತ್ರೆಯೊಂದರಲ್ಲಿ ಮಕ್ಕಳ ವೈದ್ಯೆ. ನಮ್ಮ ಮೈಸೂರಿನವರೇ ಆದ ಸ್ಮಿತಾ, ಕಾರ್ತಿಕ್ ದಂಪತಿಗೆ ಗಂಡುಮಗು ಅವಧಿಗೆ ಮುಂಚೆಯೇ ಹುಟ್ಟಿತ್ತು. ಬಸುರಿಯಾಗಿದ್ದಾಗ ಸ್ಮಿತಾ ನಾಯಿಕೆಮ್ಮಿನ ಲಸಿಕೆ ಹಾಕಿಸಿಕೊಂಡಿದ್ದರೂ, ಮಗು ಬೇಗ ಬಂದದ್ದರಿಂದ ತಾಯಿಯಿಂದ ಸಿಗಬೇಕಾದ ರಕ್ಷಣೆ ಅದಕ್ಕೆ ಪೂರ್ತಿ ಸಿಕ್ಕಿರಲಿಲ್ಲ. ಅದರದೇ ಲಸಿಕೆಗೆ ಸಾಮಾನ್ಯವಾಗಿ ಎರಡು ತಿಂಗಳು ತುಂಬಬೇಕು. ಅದಕ್ಕೇ ಒತ್ತಿ ಹೇಳಿದ್ದೆ: "ಮಗೂನ ಎತ್ಕೊಳ್ಳೋ ದೊಡ್ಡವರೆಲ್ಲ ಟಿಡ್ಯಾಪ್ ಹಾಕಿಸ್ಕೊಂಡಿರ್ಬೇಕು." ಟಿಡ್ಯಾಪ್ ಎಂದರೆ ಧನುರ್ವಾಯು, ಡಿಫ್ತೀರಿಯಾ, ನಾಯಿಕೆಮ್ಮುಗಳನ್ನು ತಡೆಯುವ ಲಸಿಕೆ. ಬಾಲ್ಯದಲ್ಲಿ ಹಾಕಿಸಿಕೊಂಡದ್ದರ ಬಲ ವರ್ಷ ಕಳೆದಂತೆ ಕುಗ್ಗುವುದರಿಂದ ದೊಡ್ಡವರಿಗೂ ಇದು ಬೇಕು.

ಎಲ್ಲರೂ ಹಾಕಿಸಿಕೊಂಡರು, ಕಾರ್ತಿಕನ ಅಕ್ಕ ವಸುಧಾ ಒಬ್ಬರನ್ನು ಬಿಟ್ಟು. ಬರ್ಕ್ಲಿಯಲ್ಲಿ ಪಿಎಚ್‌ಡಿ, ಸರಟೋಗಾದಲ್ಲಿ ದೊಡ್ಡ ಮನೆ. "ನನಗೆ ನ್ಯಾಚುರಲ್ ಇಮ್ಯೂನಿಟಿ ಇದೆ" ಎಂದು ತಳ್ಳಿಹಾಕಿಬಿಟ್ಟರಂತೆ. ನಾಮಕರಣ ನಡೆದದ್ದೂ ಅವರ ಮನೆಯಲ್ಲೇ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ ತಾನೇ! ವಾರದಿಂದ ಕೆಮ್ಮುತ್ತಿದ್ದ ಆ ಮಹಾತಾಯಿ ತೊಟ್ಟಿಲಿಗೆ ಬಗ್ಗಿ, ಕೂಸಿನ ಕೆನ್ನೆಗೆ ಮುಖ ಒತ್ತಿ ಹೆಸರು ಹೇಳಿದರಂತೆ. ನಡುವೆ ಅಲ್ಲೇ ಕೆಮ್ಮಿದರಂತೆ ಕೂಡ. ಸ್ಮಿತಾ ಗಂಡನ ತೋಳು ಜಗ್ಗಿದಳಂತೆ. "ಸುಮ್ನಿರು, ಅಕ್ಕ ಬೇಜಾರು ಮಾಡ್ಕೋತಾಳೆ" ಎಂದನಂತೆ ಕಾರ್ತಿಕ್. ಥೂ, ಹಾಳು ದಾಕ್ಷಿಣ್ಯ! ಬಂದವರಿಂದ ಬಾಗಿಲಲ್ಲೇ ಚಪ್ಪಲಿ ಬಿಡಿಸಲು ಮಾತ್ರ ಯಾರಿಗೂ ಸಂಕೋಚವಿರಲಿಲ್ಲ.

ಹೆಚ್ಚು ದಿನ ಕಳೆಯುವ ಮೊದಲೇ ಮಗು ಐಸಿಯುನಲ್ಲಿತ್ತು. ಪರೀಕ್ಷೆಯಲ್ಲಿ ನಾಯಿಕೆಮ್ಮು ಖಚಿತವಾಯಿತು. ಇಷ್ಟು ಎಳೆಯ ಕೂಸುಗಳು ಕೆಲವೊಮ್ಮೆ ಕೆಮ್ಮುವುದೂ ಇಲ್ಲ, ಉಸಿರಾಡುವುದನ್ನೇ ನಿಲ್ಲಿಸಿಬಿಡುತ್ತವೆ. ತುಟಿ ನೀಲಿಗಟ್ಟಿದಾಗಲೆಲ್ಲ ನಾವು ಮೂಗು ಬಾಯಿಗೆ ಮಾಸ್ಕ್ ಇಟ್ಟು ಗಾಳಿ ಒತ್ತಿ ಉಸಿರು ಮರಳಿಸುತ್ತಿದ್ದೆವು. ಪ್ರತಿ ಸಲವೂ ಸ್ಮಿತಾ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಮಾರನೆಯ ದಿನ ವಸುಧಾ ಕಾರಿಡಾರಿಗೆ ಬಂದರು. ಕೈಯಲ್ಲಿ ಕಷಾಯದ ಫ್ಲಾಸ್ಕು, ಗಂಟಲಲ್ಲಿ ಅದೇ ಕೆಮ್ಮು.

"ಇವರ ಅಪಾರ್ಟ್‌ಮೆಂಟು ಫ್ರೀವೇ ಪಕ್ಕದಲ್ಲೇ ಇದೆ ಡಾಕ್ಟ್ರೇ, ಎಲ್ಲಾ ಪೊಲ್ಯೂಷನ್ನು. ಮಗೂಗೆ ಇದನ್ನ ಒಂದು ಸ್ಪೂನ್ ಹಾಕಿ."

ಕೀವು, ವಾಂತಿ ನೋಡಿ ಎಂದೂ ಆಗದ ಹೇಸಿಗೆ ನನಗೆ ಆ ಗಳಿಗೆಯಲ್ಲಿ ಆಯಿತು. ನಾನು ಬಾಯಿ ತೆರೆಯುವ ಮೊದಲೇ ಅಲ್ಲೇ ಬೆಂಚಿನಲ್ಲಿ ಕೂತಿದ್ದ ಸ್ಮಿತಾ ಎದ್ದು ನಿಂತಳು.

"ಅತ್ತಿಗೆ, ಹೋದ ವರ್ಷ ಆಫ್ರಿಕಾ ಸಫಾರಿಗೆ ವ್ಯಾಕ್ಸೀನ್ ಇಲ್ದೆ ಬಿಡಲ್ಲ ಅಂದಾಗ ಓಡೋಗಿ ಹಾಕಿಸ್ಕೊಂಡ್ರಿ. ಸಿಂಹ ನೋಡೋಕೆ ಚುಚ್ಚಿಸ್ಕೊಂಡ್ರಿ. ನನ್ನ ಮಗೂನ ನೋಡೋಕೆ ಆಗ್ಲಿಲ್ವಾ?"

"ಅಲ್ಲಿ ಅದು ರೂಲ್ಸು ಕಣೆ" ಎಂದರು ವಸುಧಾ, ಮೆಲ್ಲಗೆ.

"ಇಲ್ಲೂ ರೂಲ್ಸಿದೆ, ಹೊರಡಿ" ಎಂದು ನಾನು ಬಾಗಿಲು ತೋರಿಸಿದೆ. ಕಾರ್ತಿಕ್ ಮೊದಲ ಬಾರಿಗೆ ಅಕ್ಕನನ್ನು ಬಿಟ್ಟು ಹೆಂಡತಿಯ ಪಕ್ಕಕ್ಕೆ ಬಂದು ನಿಂತ.

ಮಗು ವಾರಗಟ್ಟಲೆ ನರಳಿ ಬದುಕಿಕೊಂಡಿತು. ಈಗ ಡೇಕೇರಿಗೆ ಹೋಗುತ್ತಾನೆ. ಅಂದಿನಿಂದ ನಿವೃತ್ತಿಯವರೆಗೂ ನಮ್ಮ ಕಡೆಯ ಹೊಸ ಅಪ್ಪ ಅಮ್ಮಂದಿರಿಗೆ ಲಸಿಕೆಯ ಮಾತು ಬಂದಾಗ ನಾನು ಮೊದಲು ಕೇಳುತ್ತಿದ್ದದ್ದು ಒಂದೇ: "ನಿಮ್ಮ ಮನೇಲಿ ಯಾರಿಗೆ 'ಬೇಡ' ಅನ್ನೋಕೆ ನಿಮಗೆ ಬಾಯಿ ಬರಲ್ಲ? ಅವರನ್ನ ಮೊದ್ಲು ಕರ್ಕೊಂಡ್ ಬನ್ನಿ."