ಚಿಗವ್ವ ತನ್ನ ತಲೆಯ ಚಿತ್ರ ಕೊಟ್ಟದ್ದು

ಮೂಗುತಿ ತೆಗೆದ ಜಾಗದಲ್ಲಿ ಚಿಗವ್ವನಿಗೆ ಸಾಸಿವೆಯಷ್ಟು ತೂತು, ಸುತ್ತ ಬಿಳಚಿದ ಚರ್ಮ. ಸ್ಕ್ಯಾನಿಂಗ್ ಯಂತ್ರದೊಳಗೆ ಲೋಹ ಒಯ್ಯುವಂತಿರಲಿಲ್ಲ. ಮದುವೆಯಾದಾಗಿನಿಂದ ಬಿಚ್ಚದ ಮೂಗುತಿಯನ್ನು ಎಣ್ಣೆ ಹಚ್ಚಿ ತಿರುವಿ ತಿರುವಿ ತೆಗೆದಿದ್ದಳು. ನನ್ನ ಅವ್ವ ಗೊಣಗಿದಳು: "ಮುತ್ತೈದಿ ಮೂಗು ಬರಿದ ಮಾಡಬಾರದವಾ."

"ಜೀವಾ ಉಳದೈತಲ್ಲಕ್ಕಾ, ಮೂಗಿಂದೇನ ತಗಿ."

ಅವ್ವನ ಈ ತಂಗಿ ರಾಣೆಬೆನ್ನೂರಿನಲ್ಲಿ ಕುಪ್ಪಸ ಹೊಲಿಯುತ್ತಿದ್ದಳು. ಹಿಂದೊಮ್ಮೆ ಸಾಯಲು ಹೋಗಿ ಬದುಕಿ ಉಳಿದಿದ್ದಳು. ಮನೆಯಲ್ಲಿ ಜಗಳವಿರಲಿಲ್ಲ, ಕೊರತೆಯಿರಲಿಲ್ಲ. ಅದಕ್ಕೇ ಬಂಧುಗಳು ಸೊಕ್ಕು ಎಂದರು. ವಾದ ಮಾಡುವಷ್ಟು ತ್ರಾಣ ಅವಳಲ್ಲಿರಲಿಲ್ಲ. ಚಿಕಿತ್ಸೆ ಕೊಟ್ಟ ದೊಡ್ಡಾಸ್ಪತ್ರೆಯಲ್ಲಿ, ಸಾಯಲು ಹೊರಟವರ ಮಿದುಳಿನಲ್ಲಿ ಏನು ನಡೆದಿರುತ್ತದೆಂದು ಚಿತ್ರ ತೆಗೆದು ಅಧ್ಯಯನ ಮಾಡುತ್ತಿದ್ದರು. ಡಾಕ್ಟರು ಕೇಳಿದಾಗ ಒಪ್ಪಿದಳು. ಜೊತೆಗೆ ನಾನು ರೈಲಿನಲ್ಲಿ ಹೋದೆ.

ಯಂತ್ರದ ಕುಟ್ಟುವ ಸದ್ದು ಗೋಡೆಯಾಚೆಗೂ ಕೇಳುತ್ತಿತ್ತು. ಹೊರಬಂದವಳೇ ಲೇಡಿ ಡಾಕ್ಟರನ್ನು ಕೇಳಿದಳು: "ಏನರ ಕಂಡತೇನ್ರಿ ಬಾಯಾರ?"

"ಒಬ್ಬರ ಚಿತ್ರ ನೋಡಿ ಹಿಂಗ ಅಂತ ಹೇಳಾಕ ಬರಂಗಿಲ್ರಿ. ಭಾಳ ಮಂದೀದು ಕೂಡಿಸಿ ನೋಡಬೇಕು. ನಾವೂ ಇನ್ನಾ ಕಲ್ಯಾಕತ್ತೇವಿ."

ಚಿಗವ್ವನ ಮುಖ ಇಳಿಯಿತು. ಬಂಧುಗಳಿಗೆ ತೋರಿಸಲು ಒಂದು ಗುರುತು ಸಿಕ್ಕೀತೆಂಬ ಆಸೆಯಿತ್ತೋ ಏನೋ. ಆದರೂ, "ಹಂಗಾರ ಮತ್ತ ಯಾವಾಗ ಬರ್ಲಿ?" ಎಂದಳು. ಕರೆದಾಗಲೆಲ್ಲ ಹೋದಳು.

ಹಾವೇರಿಯಲ್ಲಿ ಮಾಸ್ತರನಾಗಿದ್ದ ನನಗೂ ಒಂದು ಬೇಸಿಗೆಯಲ್ಲಿ ಯಾವುದೂ ಬೇಡವೆನಿಸತೊಡಗಿತು. ಫೋನಿನಲ್ಲಿ ನನ್ನ ದನಿ ಕೇಳಿದ ಚಿಗವ್ವ ಮಧ್ಯಾಹ್ನದ ಬಸ್ಸಿಗೇ ಬಂದು ಎದುರು ಕುಳಿತಳು.

"ಸಾಯಬೇಕು ಅನಸ್ತೈತೇನೋ?"

ಅಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಹೌದೆಂದೆ.

"ಬ್ಯಾನಿ ಐತದು. ಏಳು, ದವಾಖಾನಿಗೆ ಹೋಗೂಣು. ನಾ ಅದೇನಿ."

ಅಂದೇ ಕರೆದೊಯ್ದಳು. ಗುಳಿಗೆ, ಡಾಕ್ಟರ ಜೊತೆ ಮಾತು, ದಿನಾ ಚಿಗವ್ವನ ಫೋನು. ನಿಧಾನಕ್ಕೆ ದಿನಗಳು ಹಗುರಾದವು, ಪೂರ್ತಿ ಅಲ್ಲದಿದ್ದರೂ.

ಕಳೆದ ಚಳಿಗಾಲ ಚಿಗವ್ವ ಹೃದಯಾಘಾತದಿಂದ ತೀರಿಕೊಂಡಳು. ಮಣ್ಣಿಗೆ ಬಂದವರೆಲ್ಲ ದನಿ ತಗ್ಗಿಸಿ ಕೇಳಿದ್ದು ಒಂದೇ: "ಮತ್ತ ಹಂಗೇನರ ಮಾಡಕೊಂಡಳೇನು?" ಉತ್ತರ ಕೊಟ್ಟು ಕೊಟ್ಟು ನಾನು ಸೋತೆ. ಕೊನೆಗೆ, ಬ್ಯಾಡಗಿಯಿಂದ ಬಂದ ಸೋದರಮಾವ, ಅವಳ ಸ್ವಂತ ತಮ್ಮ, ಅವನೂ ಕೇಳಿದ.

"ಇಲ್ಲ ಮಾಮಾ, ಹೃದಯ ನಿಂತು ಹೋದ್ಳು. ನನ್ನ ಉಳಿಸಿದಾಕಿನೂ ಅಕೀನ."

"ನಿನಗೇನಾಗಿತ್ತೋ?"

ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತೆ. ಅಲ್ಲಿಯವರೆಗೆ ಬಳಗದಲ್ಲಿ ಯಾರಿಗೂ ಹೇಳದಿದ್ದುದನ್ನು ಹೇಳತೊಡಗಿದೆ.