ಕರಿಯವ್ವನ ಗಿಣ್ಣು

ಅನ್ನದಾನಮ್ಮ ಗುಮ್ಮಘಟ್ಟದ ನಮ್ಮ ಓಣಿಗೆ ಮೂವತ್ತು ವರ್ಷದಿಂದ ಹಾಲು ಹಾಕುತ್ತಿದ್ದಾಳೆ. ಹಾಲಿಗೆ ನೀರು ಬೆರೆಸಿದಳೆಂದು ಯಾರೂ ಬೆರಳು ತೋರಿಸಿದ್ದಿಲ್ಲ. ಬಾಯಿ ಮಾತ್ರ ಜೋರು. ಅವಳ ಕೈಲಿ ಬೈಸಿಕೊಳ್ಳದವರು ಓಣಿಯಲ್ಲಿಲ್ಲ, ನಾನೂ ಸೇರಿ.

ಅವಳ ಎಮ್ಮೆ ಕರಿಯವ್ವ ಸತ್ತು ಆರು ವರ್ಷ. ಸಾಯುವ ಮುಂಚೆ ಪಶು ಸಂಶೋಧನೆಯವರು ಅದರ ಕಿವಿಯ ಚೂರೊಂದನ್ನು ಕತ್ತರಿಸಿಕೊಂಡು ಹೋಗಿದ್ದರು. ಹೋದ ವರ್ಷ ಅವರೇ ಒಂದು ಗಬ್ಬದ ಎಮ್ಮೆ ತಂದು ಕಟ್ಟಿದರು. ಆ ಚೂರಿನಿಂದಲೇ ಹುಟ್ಟಿಸಿದ್ದು, ಕ್ಲೋನ್ ಅಂತೆ. ಅದೇ ಕೊಂಬು, ತಲೆ ಹೊರಳಿಸುವ ಅದೇ ರೀತಿ. ಅನ್ನದಾನಮ್ಮ ಅದರ ಕೊರಳು ತಬ್ಬಿ ಅತ್ತಳು. ಕರಿಯವ್ವನನ್ನು ಬೇವಿನ ಮರದಡಿ ಹೂಳುವಾಗ ಮಣ್ಣು ಹಾಕಿದವರು ನಾವು. ಇದನ್ನು ನೋಡಿದಾಗೆಲ್ಲ ನನಗೆ ಮೈ ಜುಂ ಎನ್ನುತ್ತಿತ್ತು.

"ಊರವ್ರು ಇದರ ಹಾಲು ಕುಡಿದ್ರ ಇಲ್ಲೇ ಇರ್ತೈತ್ರಿ ಅಮ್ಮ. ಒಲ್ಲೆ ಅಂದ್ರ ವಾಪಸ್ ಒಯ್ತೀವಿ," ಎಂದಿದ್ದರು ಅವರ ಡಾಕ್ಟರು ಹರೀಶ್.

ಮೊನ್ನೆ ಎಮ್ಮೆ ಈಯಿತು. ಈದ ಮನೆಯ ಗಿಣ್ಣು ಓಣಿಗೆಲ್ಲ ಹೋಗಬೇಕು. ತೆಗೆದುಕೊಂಡವರು ಬರಿ ಬಟ್ಟಲು ವಾಪಸ್ ಕೊಡಬಾರದು. ಏಲಕ್ಕಿ ಹಾಕಿ ಕಾಸಿದ ಗಿಣ್ಣು ಏಳು ಮನೆಗೆ ಬಂತು.

"ತಿನ್ನು ಪಾಪಕ್ಕ, ಯಾಕ ಹಂಗ ನೋಡ್ತಿ? ನಮ್ಮ ಕರಿಯವ್ವಂದು," ಎಂದಳು ಅನ್ನದಾನಮ್ಮ ನನ್ನ ಬಾಗಿಲಲ್ಲಿ.

"ತಿಂತೀನವ್ವ," ಎಂದೆ. ತಿನ್ನಲಿಲ್ಲ, ಸುಳ್ಳೇಕೆ ಹೇಳಲಿ. ಸಂಜೆ ಬಟ್ಟಲಲ್ಲಿ ಬೆಲ್ಲ ಇಟ್ಟು, "ಭಾಳ ಚಲೋ ಇತ್ತವ್ವ," ಎಂದು ಕೊಟ್ಟು ಬಂದೆ. ಏಳೂ ಬಟ್ಟಲು ಬೆಲ್ಲದೊಂದಿಗೆ ಮರಳಿದವಂತೆ. ಎಲ್ಲರೂ ತಿಂದರೆಂದು ಅವಳು ಡಾಕ್ಟರಿಗೆ ಫೋನ್ ಮಾಡಿದಳು.

ಮರುದಿನ ಬೆಳಿಗ್ಗೆ ಸೆಗಣಿ ಹಾಕಲು ಹೋದರೆ ಅನ್ನದಾನಮ್ಮ ಓಣಿಯ ತಿಪ್ಪೆಯ ಬಳಿ ನಿಂತಿದ್ದಳು. ತಿಪ್ಪೆಯ ಮೇಲೆ ಅಲ್ಲಲ್ಲಿ ಗಿಣ್ಣು, ನೊಣ ಮುತ್ತಿತ್ತು. ನಾಚಿಕೆಯಿಂದ ಸತ್ತೇ ಹೋದೆ. ಬೈಗುಳಕ್ಕೆ ಕಾದೆ. ಅವಳು ಬೈಯಲಿಲ್ಲ. ಅದಕ್ಕೇ ಹೆದರಿಕೆಯಾಯಿತು.

ಎಣಿಸಿದೆ. ಎಂಟು ಗುಡ್ಡೆ. ಎಂಟನೆಯದು ಮುತ್ತುಗದ ಎಲೆಯ ಮೇಲಿತ್ತು, ಪಕ್ಕದಲ್ಲಿ ಬಾಡಿದ ಹೂವು. ದೇವರಿಗೆ ಎಡೆ ಇಟ್ಟು ಆಮೇಲೆ ಅವಳು ತಿನ್ನಬೇಕಾಗಿದ್ದ ಪಾಲು.

"ಬಾಯಿತನಕ ಒಯ್ದೆ, ಪಾಪಕ್ಕ. ಅಕಿನ್ನ ಹೂಳಿದ್ದು ನೆನಪಾತು. ನುಂಗಾಕ ಆಗಲಿಲ್ಲ."

ಓಣಿಯ ನಾಯಿಯೊಂದು ಬಂದು ಆ ಎಲೆಯನ್ನೇ ನೆಕ್ಕತೊಡಗಿತು. ನಾವು ಓಡಿಸಲಿಲ್ಲ. ಅದಕ್ಕೇನಾದರೂ ಆಗುತ್ತದೇನೋ ಎಂದು ಇಬ್ಬರೂ ನೋಡುತ್ತ ನಿಂತೆವು. ನಾಯಿ ಬಾಲ ಆಡಿಸುತ್ತ ಪಕ್ಕದ ಗುಡ್ಡೆಗೆ ಹೋಯಿತು.

ಕೊಟ್ಟಿಗೆಯಲ್ಲಿ ಎಮ್ಮೆ ಕರುವನ್ನು ಕರೆಯಿತು. ಕರಿಯವ್ವನದೇ ದನಿ.

"ಗಾಡಿ ತರಾಕ ಡಾಕ್ಟರಿಗೆ ಹೇಳು," ಎಂದಳು ಅನ್ನದಾನಮ್ಮ, ಕೊಟ್ಟಿಗೆಯತ್ತ ತಿರುಗಿ ನೋಡದೆ.